ಮಸೆಗಲ್ಲಿನ ಹುಳ

ಬೆಟ್ಟದಪುರದ ಚಾಮಯ್ಯನ ಕತ್ತಿ ಕೆನ್ನೆಯ ಮೇಲೆ ಆಡಿದರೆ ಗಡ್ಡಕ್ಕೇ ಗೊತ್ತಾಗುವುದಿಲ್ಲ ಎಂದು ಸುತ್ತ ಏಳು ಹಳ್ಳಿಯ ಗಂಡಸರು ಹೊಗಳುತ್ತಿದ್ದರು. ಹೊಗಳಲಿ, ಬೇಡ ಎಂದವರು ಯಾರು? ಆದರೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನ ಹೆಂಡತಿ ಚೆಲುವಮ್ಮನ ಹೊಟ್ಟೆಯಲ್ಲಿ ಇನ್ನೊಂದು ಒಲೆ ಹೊತ್ತಿಕೊಳ್ಳುತ್ತಿತ್ತು. ಯಾಕೆಂದರೆ ಆ ಕತ್ತಿಯ ಹರಿತವೆಲ್ಲ ಅದನ್ನು ಮಸೆಯುವ ಕಲ್ಲಿನಿಂದ ಬಂದದ್ದು, ಆ ಕಲ್ಲು ಅವಳ ತಮ್ಮ ಕೆಂಪಯ್ಯ ತಂದುಕೊಟ್ಟದ್ದು. ಊರಿಗೆ ಚಾಮಯ್ಯ ಹೇಳಿದ್ದ ಕಥೆ ಮಾತ್ರ ಬೇರೆ.

ಹದಿನಾರು ವರ್ಷದ ಹಿಂದೆ ಅವರ ಚೊಚ್ಚಲ ಮಗಳು ಸುನಂದಮ್ಮನ ಮುಡಿ ತೆಗೆಯುವ ದಿನ ಇದೆಲ್ಲ ಶುರುವಾಯಿತು. ಕೂಸಿನ ಮೊದಲ ಕೂದಲು ತೆಗೆಯುವಾಗ ಅದು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಇದು ನಮ್ಮ ಕಡೆಯ ಪದ್ಧತಿ. ಆಗ ಕೆಂಪಯ್ಯ ನಾಗಪುರದ ಆಚೆ ರೈಲು ದಾರಿಗೆ ಗುಡ್ಡ ಕಡಿಯುವ ಕಂಟ್ರಾಕ್ಟರನ ಕೈಕೆಳಗಿದ್ದ. ಅಲ್ಲಿಂದ ರಜ ಹಾಕಿ, ಸಾಲಿಗ್ರಾಮದ ತನ್ನ ಮನೆಗೂ ಹೋಗದೆ ನೇರ ಅಕ್ಕನ ಮನೆಗೆ ಬಂದು, ಸೊಸೆಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಕೂಸಿನ ಅಪ್ಪನೇ ಊರ ಕ್ಷೌರಿಕ, ಬೇರೆಯವರನ್ನು ಕರೆಯುವ ಮಾತೆಲ್ಲಿ? ಚಾಮಯ್ಯ ಕತ್ತಿ ಹಿಡಿದು ಕೂತ. ಆ ಕಾಲದಲ್ಲಿ ಅವನ ಕತ್ತಿ, ಇದ್ದದ್ದು ಇದ್ದಂತೆ ಹೇಳಬೇಕಲ್ಲ, ಮೊಂಡು. ನಾಲ್ಕು ಕೂದಲು ಬರುವಷ್ಟರಲ್ಲಿ ಕೂಸು ಊರು ಕೇರಿ ಒಂದಾಗುವಂತೆ ಕಿರುಚಿತು. ಚಾಮಯ್ಯ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ, “ಕೂಸಿನ ನೆತ್ತಿ ಸರಿಯಾಗಿಲ್ಲ” ಎಂದ.

“ನೆತ್ತಿ ನೆಟ್ಟಗೇ ಐತೆ ಭಾವ,” ಎಂದ ಕೆಂಪಯ್ಯ. “ಇದೇನು ಕತ್ತಿಯಾ, ರಾಗಿ ಕುಯ್ಯೋ ಕುಡ್ಲಾ? ನನ್ ಸೊಸೆ ತಲೆ ಒಲ ಅಲ್ಲ ಕಣಪ್ಪ!”

ನೆಂಟರು ಹೋ ಎಂದು ನಕ್ಕರು. ಕೆಂಪಯ್ಯ ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ತನ್ನ ಚೀಲಕ್ಕೆ ಕೈ ಹಾಕಿ ಅಂಗೈ ಅಗಲದ, ಬೂದು ಬಣ್ಣದ, ಬೆಣ್ಣೆ ನುಣುಪಿನ ಕಲ್ಲೊಂದನ್ನು ತೆಗೆದು ಭಾವನ ಮುಂದಿಟ್ಟ. “ಗುಡ್ಡ ಕಡಿಯೋವಾಗ ಸಿಕ್ತು. ಅಲ್ಲಿ ನಮ್ಮೋರೆಲ್ಲ ಇದ್ರಲ್ಲೇ ಮಸೆಯೋದು. ಇಟ್ಕೋ. ಮುಂದಿನ ಕೂಸಿನ ಒತ್ತಿಗಾದ್ರೂ ಅರಿತ ಮಾಡ್ಕೋ.”

ಬಾಮೈದ ಎಂದ ಮೇಲೆ ಭಾವನನ್ನು ಗೇಲಿ ಮಾಡುವುದು ಅವನ ಹಕ್ಕು. ಬೇರೆ ಯಾರಾದರೂ ಆಗಿದ್ದರೆ ತಿರುಗಿ ಒಂದು ಮಾತು ಎಸೆದು, ನಕ್ಕು, ಊಟಕ್ಕೆ ಕೂರುತ್ತಿದ್ದರು. ಆದರೆ ಚಾಮಯ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಅವನು ಊಟ ಮಾಡಲಿಲ್ಲ. ಸಂಜೆ ಎಲ್ಲರ ಮುಂದೆ ಎದ್ದು ನಿಂತು, ಇನ್ನು ಈ ಮನೆಗೂ ಸಾಲಿಗ್ರಾಮಕ್ಕೂ ಹೋಗು ಬಾ ಇಲ್ಲ, ಈ ಕಲ್ಲನ್ನು ಕೆರೆಗೆ ಎಸೆದು ಬರುತ್ತೇನೆ ಎಂದು ದಾಪುಗಾಲು ಹಾಕಿದ. ಒಂದು ತಿಂಗಳಾಯಿತು. ಒಂದು ದಿನ ಬೆಟ್ಟ ಹತ್ತಿ ಇಳಿದವನು ಜಗಲಿಯ ಮೇಲೆ ಕಲ್ಲೊಂದನ್ನಿಟ್ಟು, ಮೇಲೆ ಸಿಡಿಲು ಬಡಿದ ಬಂಡೆಯ ಹತ್ತಿರ ಸಿಕ್ಕಿತೆಂದು, ದೇವರೇ ಕೊಟ್ಟನೆಂದು ಊರಿಗೆಲ್ಲ ಸಾರಿದ. ಅಂಗೈ ಅಗಲ, ಬೂದು ಬಣ್ಣ, ಬೆಣ್ಣೆ ನುಣುಪು.

“ಕೆರೇಲಿ ಮುಳುಗಿದ್ ಕಲ್ಲು ಬೆಟ್ಟ ಅತ್ತಿ ಕುಂತಿತ್ತಾ?” ಎಂದು ಚೆಲುವಮ್ಮ ಕೇಳಿದಳು. ಚಾಮಯ್ಯ ಎರಡು ದಿನ ಅವಳ ಕೈಯ ಮುದ್ದೆ ಮುಟ್ಟಲಿಲ್ಲ. ಅವಳು ಮತ್ತೆ ಕೇಳಲಿಲ್ಲ.

ಹೀಗೆ ಹದಿನಾರು ವರ್ಷ. ಅವ್ವ ಸತ್ತಾಗ ಚೆಲುವಮ್ಮ ಒಂದು ಸಲ ಸಾಲಿಗ್ರಾಮಕ್ಕೆ ಹೋಗಿ, ಬಂದ ಗಾಡಿಯಲ್ಲೇ ವಾಪಸಾದಳು. ಕೆಂಪಯ್ಯ ರೈಲಿನ ಕೆಲಸ ಬಿಟ್ಟು ಊರಿಗೆ ಬಂದು ತಾನೂ ಕುಲಕಸುಬು ಹಿಡಿದನಂತೆ, ಮದುವೆಯಾದನಂತೆ. ಎಲ್ಲ ಅಂತೆ. ಸುನಂದಮ್ಮನನ್ನು ಹಂಪಾಪುರಕ್ಕೆ ಕೊಟ್ಟು ಮದುವೆ ಮಾಡಿದಾಗ ಸೋದರಮಾವನ ಜಾಗದಲ್ಲಿ ದೂರದ ಯಾರನ್ನೋ ನಿಲ್ಲಿಸಿದರು. ಚೆಲುವಮ್ಮ ಅವತ್ತು ಒಲೆಯ ಹೊಗೆ ಎಂದು ಸುಳ್ಳು ಹೇಳಿಕೊಂಡು ಅತ್ತಳು. ಅವಳಿಗೆ ಬೇಕಾದದ್ದು ಒಂದೇ. ನಾಲ್ಕು ಜನರ ಮುಂದೆ, ಗಂಡನ ಬಾಯಿಂದಲೇ, ಇದು ನನ್ನ ಬಾಮೈದ ಕೊಟ್ಟ ಕಲ್ಲು ಎಂಬ ಮಾತು. ತಾನೇ ಬೀದಿಗೆ ನಿಂತು ಕೂಗಬಹುದಿತ್ತು, ಗಂಟಲಿಗೇನೂ ಬರವಿರಲಿಲ್ಲ. ಆದರೆ ಅವಳು ಹೇಳಿದರೆ ಅದು ಗಂಡ ಹೆಂಡಿರ ಜಗಳವಾಗುತ್ತಿತ್ತು. ಅವನು ಹೇಳಿದರೆ ತವರಿನ ಬಾಗಿಲು ತೆರೆಯುತ್ತಿತ್ತು.

ಕನ್ನಂಬಾಡಿ ಕಟ್ಟೆ ಮುಗಿದು ಎರಡು ಮೂರು ವರ್ಷವಾಗಿತ್ತು. ಆ ಸಂಕ್ರಾಂತಿ ಕಳೆದ ಮೇಲೆ ಕಲ್ಲಿನೊಳಗಿಂದ ಹುಳ ಹೊರಟಿತು.

ಮಸೆದು ಮಸೆದು ಕಲ್ಲಿನ ನಡು ಸವೆದು ತಟ್ಟೆಯಂತೆ ತಗ್ಗಾಗಿತ್ತು. ಸಂಜೆ ಅದನ್ನು ಬೂದಿ ಹಾಕಿ ತೊಳೆಯುವುದು ಚೆಲುವಮ್ಮನ ಕೆಲಸ. ಒಂದು ಸಂಜೆ ತಗ್ಗಿನಲ್ಲಿ ಕಂದು ಬಣ್ಣದ ಎಳೆಯೊಂದು ಕಂಡಿತು. ಕೂದಲು ಎಂದುಕೊಂಡು ಉಜ್ಜಿದಳು, ಹೋಗಲಿಲ್ಲ. ಎರಡು ದಿನ ಕಳೆದ ಮೇಲೆ ಎಳೆ ಕಾಲಾಯಿತು. ವಾರದಲ್ಲಿ ಆರು ಕಾಲು, ಒಂದು ತಲೆ, ಎರಡು ಮೀಸೆ. ಆಮೇಲೆ ಬೆನ್ನು, ಬೆನ್ನಿನಿಂದ ಅರ್ಧ ಹೊರಬಂದ ಒಂದು ರೆಕ್ಕೆ. ಹರಳುಬೀಜದಷ್ಟು ಗಾತ್ರ. ರೆಕ್ಕೆಯ ನರಗಳು ಕೂಡ ಎಣಿಸುವ ಹಾಗಿದ್ದವು.

ಚಾಮಯ್ಯ ಮೊದಲು ಹೆದರಿದ, ಆಮೇಲೆ ಹಿಗ್ಗಿದ. “ದೇವರ ಉಳ ಕಣೇ ಚೆಲ್ವಿ! ಬೆಟ್ಟದ ಮಲ್ಲಪ್ಪನೇ ಕಳ್ಸವ್ನೆ!”

“ಬೆಟ್ಟದಿಂದ್ಲಾ?” ಎಂದಳು ಚೆಲುವಮ್ಮ. ಚಾಮಯ್ಯನ ಕಿವಿ ಅದನ್ನು ಕೇಳಿಸಿಕೊಳ್ಳಲಿಲ್ಲ.

ಪಕ್ಕದ ಮನೆಯ ಕರಿಯಪ್ಪ ಹೊಗೆಸೊಪ್ಪು ಬೆಳೆಯುವವನು, ಬಾಯಿ ಸುಮ್ಮನಿಟ್ಟುಕೊಂಡರೆ ಹಲ್ಲು ನೋಯುತ್ತದೆ ಎನ್ನುವ ಜಾತಿ. ಅವನು ಬಂದು ಬಗ್ಗಿ ನೋಡಿ, “ಇದು ತಿಗಣೆ ಕಣ್ಲಾ ಚಾಮ! ನಿನ್ ಮನೆ ತಿಗಣೆ ಚಾಪೆ ಸಾಲ್ದು ಅಂತ ಕಲ್ಲಿನೊಳ್ಗೂ ಒಕ್ಕವೆ!” ಎಂದು ತೀರ್ಪು ಕೊಟ್ಟ.

ತಿಗಣೆಯೋ ದೇವರೋ, ಕಷ್ಟವೊಂದು ಎದುರಾಯಿತು. ಮಸೆದದ್ದಕ್ಕೆ ಹುಳ ಮೇಲೆ ಬಂತು ಸರಿ. ಇನ್ನೂ ಮಸೆದರೆ? ಒಂದು ಬೆಳಿಗ್ಗೆ ನೋಡಿದರೆ ಹಿಂದಿನ ಒಂದು ಕಾಲು ಅರ್ಧ ಮಾಸಿತ್ತು. ಚಾಮಯ್ಯ ಎದೆ ಬಡಿದುಕೊಂಡ. ಅವತ್ತಿನಿಂದ ಕಲ್ಲಿನ ನಡು ಬಿಟ್ಟು ಅಂಚಿನಲ್ಲಷ್ಟೇ ಕತ್ತಿ ತೀಡತೊಡಗಿದ. ಅಂಚಿನಲ್ಲಿ ಎಷ್ಟು ಹರಿತ ಬಂದೀತು? ಹದಿನೈದು ದಿನದಲ್ಲಿ ಊರಿನ ಗಂಡಸರ ಗಲ್ಲದ ಮೇಲೆಲ್ಲ ಅರಿಸಿನ ಮೆತ್ತಿತ್ತು. ಕರಿಯಪ್ಪನಂತೂ ಕ್ಷೌರಕ್ಕೆ ಬರುವಾಗ ಮನೆದೇವರಿಗೆ ಕೈ ಮುಗಿದು ಬರುತ್ತಿದ್ದ.

ಆ ಹೊತ್ತಿಗೆ ಊರಾಚೆಯ ತೋಪಿನಲ್ಲಿ ಡೇರೆ ಹಾಕಿಕೊಂಡು ಒಬ್ಬ ಅಧಿಕಾರಿ ಬಂದಿಳಿದ. ಮೈಸೂರಿನವನೇ, ಮೂವತ್ತರ ಒಳಗಿನವನು, ತಲೆಗೆ ಟೋಪಿ, ಸೊಂಟಕ್ಕೆ ಸುತ್ತಿಗೆ. ದಾರಿಯ ಕಲ್ಲೆಲ್ಲ ಒಡೆದು ಮೂಸಿ ನೋಡಿ ಚೀಲಕ್ಕೆ ಹಾಕುತ್ತಾನೆ, ಅದಕ್ಕೆ ಸರ್ಕಾರ ಸಂಬಳ ಕೊಡುತ್ತದೆ ಎಂದು ಕೇಳಿ ಊರು ಬೆರಗಾಯಿತು. ಅವನಿಗೆ ಕಲ್ಲು ಸಾಹೇಬ ಎಂದು ಹೆಸರು ಬಿತ್ತು. ನಾಲ್ಕು ದಿನದ ಗಡ್ಡ ಹೊತ್ತು ಅವನು ಒಂದು ಬೆಳಿಗ್ಗೆ, ಕ್ಷೌರಿಕನನ್ನು ಡೇರೆಗೆ ಕರೆಸುವ ಬದಲು ತಾನೇ ಚಾಮಯ್ಯನ ಜಗಲಿಗೆ ಬಂದು ಕೂತ. ಸಾಹೇಬರ ಕ್ಷೌರ ನೋಡಲು ಕರಿಯಪ್ಪನೂ ಇನ್ನಿಬ್ಬರೂ ಬಂದರು.

ಎಡಗೆನ್ನೆ ಮುಗಿಯುವಷ್ಟರಲ್ಲಿ ಎರಡು ಕಡೆ ರಕ್ತ ಬಂತು.

“ಏನಯ್ಯ, ಈ ಕತ್ತಿಯನ್ನು ನೀನು ಮಸೆಯುವುದೇ ಇಲ್ಲವೇ?” ಎಂದ ಸಾಹೇಬ.

ಬಾಗಿಲಲ್ಲಿ ಬಿಸಿನೀರು ಹಿಡಿದು ನಿಂತಿದ್ದ ಚೆಲುವಮ್ಮ ಸುಮ್ಮನಿರಲಿಲ್ಲ. “ಮಸೆದ್ರೆ ಉಳ ಸಾಯ್ತದೆ ಅಂತ ಮಸೆಯಾಕಿಲ್ಲ ಬುದ್ಧಿ.”

“ಕತ್ತಿ ಮಸೆದರೆ ಹುಳ ಹೇಗೆ ಸಾಯುತ್ತದೆ?” ಎಂದು ಸಾಹೇಬ ನಕ್ಕ. ಅವಳು ಒಳಗಿನಿಂದ ಕಲ್ಲು ತಂದು ಕೊಟ್ಟಳು. ನಗು ಅಲ್ಲಿಗೇ ನಿಂತಿತು. ಜೇಬಿನಿಂದ ಭೂತಗನ್ನಡಿ ತೆಗೆದು, ಬಲಗೆನ್ನೆಯ ಸಾಬೂನು ಒಣಗಿ ಉದುರುವವರೆಗೆ ಅವನು ಕಲ್ಲನ್ನು ನೋಡಿದ. ತಲೆಯೆತ್ತಿದಾಗ ಅವನ ಕಣ್ಣಲ್ಲಿ ನೀರಿತ್ತು.

“ಇದು ಕೆತ್ತನೆಯಲ್ಲ. ನಿಜವಾದ ಹುಳ. ಆರೇಳು ಕೋಟಿ ವರ್ಷದ ಹಿಂದೆ ಬದುಕಿದ್ದ ಹುಳ.”

ಕರಿಯಪ್ಪ ಮೆಲ್ಲಗೆ, “ತಿಗಣೆ ಅಷ್ಟು ಕಾಲ ಬಾಳ್ತದಾ?” ಎಂದ.

“ಆವಾಗ ನಮ್ ಬೆಟ್ಟದಪುರ ಇತ್ತಾ ಬುದ್ಧಿ?” ಎಂದು ಚೆಲುವಮ್ಮ ಕೇಳಿದಳು.

“ಬೆಟ್ಟ ಇತ್ತಮ್ಮ, ಪುರ ಇರಲಿಲ್ಲ. ಎಲ್ಲೋ ಒಂದು ಕೆರೆ ಇತ್ತು. ನಿಮ್ಮ ಕೆರೆ ಬತ್ತಿದಾಗ ತಳದಲ್ಲಿ ಗಂಧ ತೇದ ಹಾಗೆ ನುಣ್ಣನೆ ಗೋಡು ಕೂತಿರುತ್ತದಲ್ಲ, ಅಂಥ ಗೋಡಿನ ಮೇಲೆ ಈ ಹುಳ ಸತ್ತು ಬಿತ್ತು. ಮೇಲೆ ಮತ್ತೆ ಗೋಡು ಕೂತಿತು. ಗೋಡೇ ಕಲ್ಲಾಯಿತು.” ಅವನು ಚಾಮಯ್ಯನ ಕಡೆ ತಿರುಗಿದ. “ಹೇಳಯ್ಯ, ಈ ಕಲ್ಲು ನಿನಗೆ ಎಲ್ಲಿ ಸಿಕ್ಕಿತು?”

ಚೆಲುವಮ್ಮ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಸರ್ಕಾರವೇ ಬಂದು ಕೇಳುತ್ತಿದೆ, ಈಗ ಹೇಳುತ್ತಾನೆ, ಈಗ ಹೇಳದೆ ಇನ್ನು ಯಾವಾಗ? ಚಾಮಯ್ಯ ಕರಿಯಪ್ಪನನ್ನು ನೋಡಿದ, ಪಕ್ಕದ ಇಬ್ಬರನ್ನು ನೋಡಿದ, ಹೆಂಡತಿಯನ್ನು ಮಾತ್ರ ನೋಡಲಿಲ್ಲ.

“ಬೆಟ್ಟದಲ್ಲೇ ಬುದ್ಧಿ. ಸಿಡ್ಲು ಬಡಿದ ಬಂಡೆ ತಾವ.”

“ಸಾಧ್ಯವೇ ಇಲ್ಲ!” ಎಂದು ಸಾಹೇಬ ಎದ್ದು ನಿಂತ. “ಈ ಬೆಟ್ಟ ಭೂಮಿಯ ಹೊಟ್ಟೆಯೊಳಗೆ ಬೆಂದು ಗಟ್ಟಿಯಾದ ಕಲ್ಲು. ಇದು ಹುಟ್ಟಿದಾಗ ಲೋಕದಲ್ಲಿ ಒಂದು ನೊಣ ಕೂಡ ಹಾರುತ್ತಿರಲಿಲ್ಲ. ಇದರಲ್ಲಿ ಹುಳ ಸಿಗುವುದೆಂದರೆ ಅಜ್ಜಿಯ ಮದುವೆಯಲ್ಲಿ ಮೊಮ್ಮಗಳು ಆರತಿ ಎತ್ತಿದ ಹಾಗೆ! ಸಿಕ್ಕಿತು ಎನ್ನುತ್ತೀಯಲ್ಲಯ್ಯ, ಹಾಗಾದರೆ ನಾವು ಬರೆದ ಪುಸ್ತಕಗಳನ್ನೆಲ್ಲ ತಿದ್ದಬೇಕು. ಆಣೆಯಿಟ್ಟು ಹೇಳುತ್ತೀಯಾ?”

“ಸುಳ್ಯಾಕೆ ಯೋಳ್ಳಿ ಬುದ್ಧಿ?” ಎಂದ ಚಾಮಯ್ಯ, ಆಣೆ ಇಡದೆ.

ಸಾಹೇಬ ಕಲ್ಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಅರ್ಧ ಗಡ್ಡದಲ್ಲೇ ಬೆಟ್ಟದ ಕಡೆ ಓಡಿದ. ಚೆಲುವಮ್ಮ ಬಿಸಿನೀರಿನ ಚೊಂಬನ್ನು ಗಂಡನ ಪಕ್ಕದಲ್ಲಿ ಧಡ್ ಎಂದು ಕುಕ್ಕಿದಳು, ಅವನ ಕಾಲಿಗೆ ಸಿಡಿಯಲಿ ಎಂದೇ.

ಮಾರನೆಯ ದಿನದಿಂದ ಬೆಟ್ಟದ ಮೇಲೆ ಸಿಡಿಲು ಬಡಿದ ಬಂಡೆಯ ಸುತ್ತ ಅಗೆತ ಶುರುವಾಯಿತು. ಬೇಸಿಗೆ ಕಾಲ, ಹೊಲದಲ್ಲಿ ಕೆಲಸವಿಲ್ಲ. ಸರ್ಕಾರದ ಕೂಲಿ ಎಂದ ಕೂಡಲೇ ಊರೇ ಹಾರೆ ಗುದ್ದಲಿ ಹೊತ್ತು ನಿಂತಿತು. ಗಾಳಿ ಬಂದಾಗ ತೂರಿಕೊಳ್ಳದವನು ಯಾವ ಒಕ್ಕಲಿಗ? ಕರಿಯಪ್ಪ ಯಾರೂ ಕೇಳದಿದ್ದರೂ ಮೇಸ್ತ್ರಿಯಾದ. ಗಂಡಸರು ಅಗೆದರು, ಹೆಂಗಸರು ಮಣ್ಣು ಹೊತ್ತರು. ಹೊತ್ತವರಲ್ಲಿ ಚೆಲುವಮ್ಮನೂ ಒಬ್ಬಳು. ಒಂದೊಂದು ಬುಟ್ಟಿ ಎತ್ತುವಾಗಲೂ ಅವಳು ಗೊಣಗುತ್ತಿದ್ದಳು. ಗಂಡ ಒಂದು ಸುಳ್ಳು ಹೇಳಿ ನೆರಳಲ್ಲಿ ಕೂತ, ಅದನ್ನು ಬುಟ್ಟಿ ಬುಟ್ಟಿಯಾಗಿ ಹೊರುವುದು ತನ್ನ ಹಣೆಬರಹ!

ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆಯಿದೆ. ಇಲ್ಲಿ ಹನ್ನೊಂದು ದಿನ ಅಗೆದರೂ ಇಲಿಯೂ ಸಿಗಲಿಲ್ಲ. ಸಾಹೇಬ ಬಿಸಿಲಿಗೆ ಕರಗಿ ಅರ್ಧವಾದ. ಊಟದ ಹೊತ್ತಿನಲ್ಲಿ ಕೂಲಿಯವರ ನಡುವೆಯೇ ಕೂತು, ಕಲ್ಕತ್ತೆಯ ದೊಡ್ಡ ವಿದ್ವಾಂಸರಿಗೆ ಬರೆಯುತ್ತಿರುವ ಕಾಗದವನ್ನು ಎಲ್ಲರಿಗೂ ಕನ್ನಡದಲ್ಲಿ ಓದಿ ಹೇಳುತ್ತಿದ್ದ. ಇನ್ನೊಂದು ಹುಳ ಸಿಕ್ಕ ತಕ್ಷಣ ಅದನ್ನು ಅಂಚೆಗೆ ಹಾಕುವವನಿದ್ದ. ಚೆಲುವಮ್ಮನಿಗೆ ಅವನನ್ನು ಕಂಡು ಕರುಳು ಚುರ್ ಎನ್ನುತ್ತಿತ್ತು. ಅಷ್ಟು ಕೋಟಿ ವರ್ಷ ಹಿಂದಿನದು ಕಾಣುವ ಕಣ್ಣಿಗೆ ಎದುರಿಗೆ ಕೂತ ಕ್ಷೌರಿಕನ ಸುಳ್ಳು ಕಾಣಲಿಲ್ಲವಲ್ಲ!

“ಇನ್ನಾದ್ರೂ ಯೋಳಿ,” ಎಂದಳು ಅವಳು ಸಂಜೆ ಗಂಡನಿಗೆ. “ಪಾಪ, ಆ ಮಗ ಬಿಸ್ಲಲ್ಲಿ ಸಾಯ್ತದೆ. ಆ ಕಾಗ್ದ ಕಲ್ಕತ್ತಕ್ಕೆ ಓದ್ರೆ ಅವ್ರ ಮಾನ ಓಯ್ತದೆ.”

“ಈಗ ಯೋಳಿದ್ರೆ ಊರು ನಗಾಡ್ತದೆ ಕಣೇ.”

“ನಕ್ರೆ ನಗ್ಲಿ. ನಕ್ಕಿದ್ಕೇ ಅಲ್ವಾ ನೀವು ಅದಿನಾರು ವರ್ಸ ನನ್ ತವ್ರು ಮುಚ್ಚಿದ್ದು?”

ಚಾಮಯ್ಯ ಕತ್ತಿಯನ್ನು ತೊಗಲಿನ ಪಟ್ಟಿಯ ಮೇಲೆ ಎಳೆದ. ಎಳೆದೇ ಎಳೆದ.

ಹನ್ನೆರಡನೆಯ ದಿನ ಸಾಹೇಬ, ನಾಳೆ ಮಧ್ಯಾಹ್ನದವರೆಗೆ ಏನೂ ಸಿಗದಿದ್ದರೆ ಡೇರೆ ಕಿತ್ತು ಹೊರಡುತ್ತೇನೆ ಎಂದ. ಕೂಲಿ ನಿಲ್ಲುತ್ತದೆ ಎಂಬ ಸುದ್ದಿ ಕರಿಯಪ್ಪನ ಮುಖ ಬಾಡಿಸಿತು. ಆದರೆ ಮಾರನೆಯ ಬೆಳಿಗ್ಗೆ ನೋಡಿದರೆ ಅವನ ಮುಖ ಅರಳಿತ್ತು. ಗುಂಡಿಗಿಳಿದು ಒಂದು ಗಳಿಗೆಯಾಗಿಲ್ಲ, “ಸಿಕ್ತು ಬುದ್ಧೀ! ಉಳ ಸಿಕ್ತು!” ಎಂದು ಬೊಬ್ಬೆ ಹೊಡೆದ. ಅವನ ಹಿಂದೆಯೇ ಇನ್ನೊಬ್ಬ ಕೂಗಿದ. ಆಮೇಲೆ ಮತ್ತಿಬ್ಬರು. ಹನ್ನೆರಡು ದಿನ ಒಂದೂ ಸಿಗದ ಕಡೆ ಒಂದೇ ಬೆಳಿಗ್ಗೆ ನಾಲ್ಕು ಹುಳ!

ಆ ಹೊತ್ತಿಗೆ ಸಾಹೇಬರ ಗಡ್ಡಕ್ಕೆಂದು ಚಾಮಯ್ಯನೂ ಬಂದಿದ್ದ. ಸಾಹೇಬ ಟೋಪಿ ಬಿದ್ದದ್ದೂ ತಿಳಿಯದೆ ಓಡಿ ಬಂದು ಮೊದಲ ಕಲ್ಲನ್ನು ಕೈಗೆತ್ತಿಕೊಂಡ. ಜೀರುಂಡೆಯೊಂದು ಕಲ್ಲಿನ ಮೇಲೆ ಚೆನ್ನಾಗಿ ಕೂತಿತ್ತು. ಅದರ ಸುತ್ತ ಹಲಸಿನ ಮೇಣ ಮಿರಮಿರ ಮಿಂಚುತ್ತಿತ್ತು. ಎರಡನೆಯದಕ್ಕೆ ಇರುವೆ ಮುತ್ತಿತ್ತು. ಮೂರನೆಯದನ್ನು ಭೂತಗನ್ನಡಿ ಹಿಡಿದು ನೋಡುತ್ತಿದ್ದಂತೆ ಆ ಕೋಟಿ ವರ್ಷದ ಹುಳ ಒಂದು ಕಾಲು ಝಾಡಿಸಿ, ಮೇಣ ಬಿಡಿಸಿಕೊಂಡು, ಎದ್ದು ಸಾಹೇಬರ ಹೆಬ್ಬೆರಳ ಮೇಲೆ ನಡೆಯತೊಡಗಿತು.

“ನೀನು ಸರಿಯಾಗಿ ಸಾಯಿಸ್ನಿಲ್ವೇನ್ಲಾ!” ಎಂದು ಕರಿಯಪ್ಪ ಪಕ್ಕದವನ ತಲೆಗೆ ಮೊಟಕಿದ.

ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಸಾಹೇಬ ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆರಳ ಮೇಲಿನ ಹುಳವನ್ನು ಹುಲ್ಲಿನ ಮೇಲೆ ಬಿಟ್ಟು, ಚೀಲದಿಂದ ಚಾಮಯ್ಯನ ಕಲ್ಲು ತೆಗೆದ.

“ಹಾಗಾದರೆ ಇದನ್ನೂ ನೀವೇ ಮಾಡಿದ್ದು,” ಎಂದ. “ಚೆನ್ನಾಗಿ ಕೊರೆದಿದ್ದೀರಿ. ಈ ಬೆಟ್ಟದಲ್ಲಿ ಹುಳ ಇರುವುದು ಸಾಧ್ಯವಿಲ್ಲ ಎಂದು ಗೊತ್ತಿದ್ದೂ ನಂಬಿದೆನಲ್ಲ, ನಾನೇ ಪೆದ್ದ. ತೆಗೆದುಕೊಳ್ಳಮ್ಮ, ಇದನ್ನೂ ಮಣ್ಣಿನ ಜೊತೆ ಸುರಿದುಬಿಡು.”

ಕಲ್ಲು ಚೆಲುವಮ್ಮನ ಬುಟ್ಟಿಗೆ ಬಿತ್ತು.

ಅವಳು ಅಲ್ಲೇ ನಿಂತಳು. ತಮ್ಮ ನಾಗಪುರದಿಂದ ಹೊತ್ತು ತಂದ ಕಲ್ಲು, ಕಳ್ಳ ಕಲ್ಲು ಎನ್ನಿಸಿಕೊಂಡು ಅವಳ ಬುಟ್ಟಿಯಲ್ಲಿ ಬಿದ್ದಿತ್ತು. ನಾಲ್ಕು ಹೆಜ್ಜೆ ಆಚೆ ಸುರಿದ ಮಣ್ಣಿನ ರಾಶಿ. ಅವಳು ಗಂಡನನ್ನು ನೋಡಿದಳು. ಕಣ್ಣು ತೆಗೆಯಲಿಲ್ಲ. ಇವತ್ತು ಇವನು ಸುಮ್ಮನಿದ್ದರೆ ಈ ಬುಟ್ಟಿ ಇಲ್ಲೇ ಕವುಚಿ, ಉಟ್ಟ ಸೀರೆಯಲ್ಲೇ ಸಾಲಿಗ್ರಾಮದ ದಾರಿ ಹಿಡಿಯುತ್ತೇನೆ, ಮತ್ತೆ ಬರುವುದಿಲ್ಲ ಎಂದು ಅವಳು ಆ ನಿಮಿಷದಲ್ಲಿ ನಿಶ್ಚಯಿಸಿದ್ದಳು.

ಚಾಮಯ್ಯ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡ. ಊರೆಲ್ಲ ಅಲ್ಲೇ ಇತ್ತು, ಒಬ್ಬರೂ ಕಡಿಮೆಯಿಲ್ಲ.

“ಉಳ ಸುಳ್ಳಲ್ಲ ಬುದ್ಧಿ,” ಎಂದ. “ಸುಳ್ಳು ನಂದು.”

“ಏನಂದೆ?”

“ಅದು ಬೆಟ್ಟದ್ ಕಲ್ಲಲ್ಲ. ನಾಗಪುರದ ತಾವ ರೈಲು ದಾರಿಗೆ ಗುಡ್ಡ ಕಡಿದಾಗ ಸಿಕ್ಕಿದ್ದು.” ಮುಂದಿನ ಮಾತಿಗೆ ಅವನು ಹೆಂಡತಿಯ ಕಡೆ ತಿರುಗಿದ. ಹದಿನಾರು ವರ್ಷದಿಂದ ಆ ಹೆಸರು ಅವನ ನಾಲಿಗೆಯ ಮೇಲೆ ಬಂದಿರಲಿಲ್ಲ. “ನನ್ ಬಾಮೈದ ತಂದ್ಕೊಟ್ಟ. ಸಾಲಿಗ್ರಾಮದ ಕೆಂಪಯ್ಯ. ನನ್ ಕತ್ತಿ ಮೊಂಡಾಗಿತ್ತು, ಅದ್ಕೇ ಕೊಟ್ಟ. ಕೆರೆಗೆ ಎಸೀತೀನಿ ಅಂದೆ, ಎಸೀನಿಲ್ಲ. ಮನಸ್ಸು ಬರ್ನಿಲ್ಲ, ಅಷ್ಟು ಚೆಂದಾಗಿತ್ತು.”

ಚೆಲುವಮ್ಮ ಬುಟ್ಟಿ ಇಳಿಸಿ, ಮಣ್ಣಿನ ಮೇಲೇ ಕೂತು ಗಟ್ಟಿಯಾಗಿ ಅತ್ತಳು. ಈ ಸಲ ಹೊಗೆಯ ನೆಪವೂ ಬೇಕಾಗಲಿಲ್ಲ.

“ನಾಗಪುರವೇ?” ಸಾಹೇಬ ಬುಟ್ಟಿಗೆ ಕೈ ಹಾಕಿ ಕಲ್ಲನ್ನು ಮಗುವಿನಂತೆ ಎತ್ತಿಕೊಂಡ. “ನಾಗಪುರ! ಅಲ್ಲಿ ನೆಲದೊಳಗಿಂದ ಉಕ್ಕಿದ ಬೆಂಕಿಯ ಕಲ್ಲು ಹರಿದು ಹರಿದು ಹಾಸಿದೆ, ಹಾಸಿನ ನಡುನಡುವೆ ಹಳೆಯ ಕೆರೆಗಳ ಗೋಡಿದೆ. ಹುಳ ಇರಬೇಕಾದ ಜಾಗವೇ ಅದು! ಅಯ್ಯೋ ಪುಣ್ಯಾತ್ಮ, ನನ್ನ ಹದಿಮೂರು ದಿನ!” ಎಂದು ಶುರು ಮಾಡಿದವನು ನಗತೊಡಗಿದ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಗುಂಡಿಯ ಅಂಚಿನಲ್ಲಿ ಕೂತ. ಊರೂ ನಕ್ಕಿತು. ಚಾಮಯ್ಯ ಹದಿನಾರು ವರ್ಷ ಹೆದರಿದ್ದ ನಗು ಅದೇ. ಬಂತು, ಬಡಿಯಿತು, ಹೋಯಿತು. ಅವನ ಕೈಕಾಲು ಎಲ್ಲ ಇದ್ದಲ್ಲೇ ಇದ್ದವು.

“ಅಂಗಾರೆ ನಾಳೆಯಿಂದ ಕೂಲಿ ಇಲ್ವಾ ಬುದ್ಧಿ?” ಎಂದ ಕರಿಯಪ್ಪ.

“ಇದೆಯಲ್ಲ. ಅಗೆದದ್ದನ್ನೆಲ್ಲ ಮುಚ್ಚಬೇಡವೇ?”

ಮುಚ್ಚುವ ಕೆಲಸವನ್ನು ಕರಿಯಪ್ಪ ಐದು ದಿನ ಎಳೆದ. ಹೊರಡುವ ಮೊದಲು ಸಾಹೇಬ ಚಾಮಯ್ಯನ ಜಗಲಿಗೆ ಬಂದು, ಈ ಕಲ್ಲನ್ನು ಕೊಟ್ಟರೆ ಮೈಸೂರಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ ಎಂದು ಕೇಳಿದ. ಚಾಮಯ್ಯ, “ಅವ್ಳ ತವ್ರಿನ್ ಕಲ್ಲು, ಅವ್ಳ ಕೇಳಿ” ಎಂದ. ಚೆಲುವಮ್ಮ ಕೊಟ್ಟಳು. ಆದರೆ ತಂದವನ ಹೆಸರು ಚೀಟಿಯಲ್ಲಿ ಬರೆಯುವವರೆಗೆ ಕಲ್ಲಿನಿಂದ ಕೈ ತೆಗೆಯಲಿಲ್ಲ. ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದಳು.

ಕಲ್ಲೇನೋ ಮೈಸೂರಿಗೆ ಹೋಯಿತು. ಇತ್ತ ಕತ್ತಿಗೆ ಗತಿಯಿಲ್ಲದಾಯಿತು. ಪಿರಿಯಾಪಟ್ಟಣದ ಸಂತೆಯಿಂದ ತಂದ ಮಸೆಗಲ್ಲು ಕತ್ತಿಯ ಬಾಯಿಯನ್ನು ಗರಗಸ ಮಾಡಿತು. ಊರಿನ ಗಂಡಸರೆಲ್ಲ ಋಷಿಗಳಾಗತೊಡಗಿದರು. ಎಂಟು ದಿನ ಸಹಿಸಿಕೊಂಡ ಚಾಮಯ್ಯ ಒಂದು ಬೆಳಿಗ್ಗೆ ಅಡುಗೆ ಮನೆಯ ಹೊಸ್ತಿಲಲ್ಲಿ ಬಂದು ನಿಂತ.

“ಚೆಲ್ವಿ, ನಿನ್ ತಮ್ಮನ ತಾವ ಅಂಥದ್ದು ಇನ್ನೊಂದು ಇರಬೌದಾ?”

“ನಂಗೇನ್ ಗೊತ್ತು? ಓಗಿ ನೀವೇ ಕೇಳಿ,” ಎಂದಳು ಚೆಲುವಮ್ಮ, ತಿರುಗಿ ನೋಡದೆ. ಆದರೆ ಬುತ್ತಿಗೆ ರೊಟ್ಟಿ ತಟ್ಟಲು ಅವಳ ಕೈ ಆಗಲೇ ಹಿಟ್ಟಿನ ಮಡಕೆಗೆ ಹೋಗಿತ್ತು.

ಗಾಡಿ ಮಾಡಿಕೊಂಡು ಹೊರಟರು. ದಾರಿಯುದ್ದಕ್ಕೂ ಚಾಮಯ್ಯ ತುಟಿ ಅಲ್ಲಾಡಿಸುತ್ತ ಏನು ಹೇಳಬೇಕೆಂದು ಅಭ್ಯಾಸ ಮಾಡಿದ. ಮೊದಲು ಮಳೆ ಬೆಳೆ ಕೇಳುವುದು, ಆಮೇಲೆ ಆರೋಗ್ಯ, ಆಮೇಲೆ ಮೆಲ್ಲಗೆ ಕಲ್ಲಿನ ಮಾತು. ಸಾಲಿಗ್ರಾಮ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಕೆಂಪಯ್ಯ ಮನೆಯ ಮುಂದಿನ ಹೊಂಗೆ ಮರದಡಿ ಯಾರಿಗೋ ಕ್ಷೌರ ಮುಗಿಸಿ ಕೈ ತೊಳೆಯುತ್ತಿದ್ದ. ತಲೆ ಅರ್ಧ ನರೆತಿತ್ತು. ಅಕ್ಕನನ್ನು ಕಂಡು ಒದ್ದೆ ಕೈಯಲ್ಲೇ ಎದ್ದು ಬಂದ. ಅವಳು ತಮ್ಮನ ನರೆತ ಕೂದಲನ್ನು ಕೈಯಿಂದ ಸವರಿದಳು.

ಆಮೇಲೆ ಕೆಂಪಯ್ಯ ಭಾವನ ಕಡೆ ತಿರುಗಿದ. ಎಂಟು ದಿನದ ಗಡ್ಡ, ಬಾಯಲ್ಲಿ ಮಳೆ ಬೆಳೆಯ ಮಾತು.

“ಕೂತ್ಕೋ,” ಎಂದು ಚಾಪೆ ತೋರಿಸಿದ.

ಕ್ಷೌರಿಕನ ಗಡ್ಡಕ್ಕೂ ಇನ್ನೊಬ್ಬ ಕ್ಷೌರಿಕನೇ ಬೇಕು. ಚಾಮಯ್ಯ ತೆಪ್ಪಗೆ ಕೂತ. ಕೆಂಪಯ್ಯ ನೀರು ಹಚ್ಚಿ, ನೊರೆ ಎಬ್ಬಿಸಿ, ಎರಡು ಬೆರಳಿನಿಂದ ಭಾವನ ಗದ್ದವನ್ನು ಆಕಾಶಕ್ಕೆ ಎತ್ತಿ, ಕತ್ತಿಯನ್ನು ಸರಿಯಾಗಿ ಗಂಟಲಮಣಿಯ ಮೇಲೆ ಇಟ್ಟ. ಇಟ್ಟವನು ಅಲ್ಲೇ ನಿಲ್ಲಿಸಿದ.

“ಭಾವ.”

“ಊಂ.” ಅದಕ್ಕಿಂತ ದೊಡ್ಡ ಮಾತು ಆಡಲು ಜಾಗವಿರಲಿಲ್ಲ.

“ನಿಮ್ಮೂರ್ ಬೆಟ್ಟದಲ್ಲಿ ಒಳ್ಳೆ ಕಲ್ಲು ಸಿಕ್ತಾವಂತೆ?”

ಚಾಮಯ್ಯ ಕಣ್ಣು ಮುಚ್ಚಿದ. ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಬಿದ್ದುಹೋಯಿತು. “ತಪ್ಪಾಯ್ತು ಕಣಪ್ಪ,” ಎಂದ, ತುಟಿ ಮಾತ್ರ ಆಡಿಸಿ.

“ನಂಗ್ ಕೇಳ್ತು. ಅಕ್ಕಂಗೆ ಕೇಳ್ನಿಲ್ಲ.”

“ತಪ್ಪಾಯ್ತು ಕಣ್ರಪ್ಪೋ!” ಎಂದು ಚಾಮಯ್ಯ ಕೂಗಿದ. ಬೀದಿಯ ಕೊನೆಯಲ್ಲಿ ನೀರು ಹೊತ್ತು ಬರುತ್ತಿದ್ದ ಹೆಂಗಸರು ನಿಂತು ನೋಡಿದರು.

ಕೆಂಪಯ್ಯನಿಗೆ ನಗು ಉಕ್ಕಿತು. ಕತ್ತಿಯನ್ನು ಬೇಗ ಆಚೆ ಎಳೆದುಕೊಂಡ, ಇಲ್ಲದಿದ್ದರೆ ಕಥೆ ಇಲ್ಲೇ ಬೇರೆಯಾಗುತ್ತಿತ್ತು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಗುವುದನ್ನು ಚೆಲುವಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಯಾರನ್ನೂ ಕೇಳದೆ, ತಮ್ಮನ ಮನೆಯ ಬಾಗಿಲು ದಾಟಿ ನೇರ ಅಡುಗೆ ಮನೆಗೆ ನಡೆದಳು.